ಹಸಿರು ಉಕ್ಕು ಎಂದರೇನು? ಹೈಡ್ರೋಜನ್, ತೋರಣಗಲ್ಲು ಮತ್ತು ಹತ್ತು ಪಾವಗಡಗಳ ಲೆಕ್ಕ

2024ರ ಡಿಸೆಂಬರ್ 12ರಂದು ಕೇಂದ್ರ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ದೆಹಲಿಯಲ್ಲಿ 'ಹಸಿರು ಉಕ್ಕು' ಅಂದರೆ ಏನು ಎಂಬುದರ ಅಧಿಕೃತ ವ್ಯಾಖ್ಯಾನ ಬಿಡುಗಡೆ ಮಾಡಿದರು. ಒಂದು ಟನ್ ಸಿದ್ಧ ಉಕ್ಕು ತಯಾರಿಸುವಾಗ 2.2 ಟನ್‌ಗಿಂತ ಕಡಿಮೆ ಕಾರ್ಬನ್ ಡೈಆಕ್ಸೈಡ್ ಹೊರಬಿದ್ದರೆ ಅದು ಹಸಿರು. 2.0ರಿಂದ 2.2 ಟನ್ ಇದ್ದರೆ ಮೂರು ಸ್ಟಾರ್, 1.6ರಿಂದ 2.0 ಇದ್ದರೆ ನಾಲ್ಕು ಸ್ಟಾರ್, 1.6ಕ್ಕಿಂತ ಕಡಿಮೆಯಾದರೆ ಐದು ಸ್ಟಾರ್. ಫ್ರಿಜ್ಜು, ಏಸಿ ಮೇಲೆ ಸ್ಟಿಕ್ಕರ್ ಅಂಟಿಸ್ತಾರಲ್ಲ, ಹೆಚ್ಚು ಕಡಿಮೆ ಹಾಗೇ.

ಮೊದಲ ಸಲ ಓದಿದಾಗ ನನಗೆ ನಗು ಬಂತು. ಒಂದು ಟನ್ ಉಕ್ಕಿಗೆ ಎರಡು ಟನ್ ಹೊಗೆ ಬಿಟ್ಟರೂ ಹಸಿರಾ? ಜಗತ್ತಿನ ಸರಾಸರಿಯೇ ಟನ್‌ಗೆ ಸುಮಾರು 1.9 ಟನ್. ಅಳೆಯುವ ವಿಧಾನದಲ್ಲಿ ಒಂದಿಷ್ಟು ವ್ಯತ್ಯಾಸ ಇದೆ, ನಿಜ. ಆದರೂ ಒರಟಾಗಿ ಹೇಳುವುದಾದರೆ, ಜಗತ್ತಿನ ಸರಾಸರಿ ಉಕ್ಕು ನಮ್ಮಲ್ಲಿಗೆ ಬಂದರೆ ನಾಲ್ಕು ಸ್ಟಾರ್ ಹಸಿರು ಅನ್ನಿಸಿಕೊಳ್ಳುತ್ತೆ. ಭಾರತದ ಸರಾಸರಿ ಸುಮಾರು 2.5 ಟನ್ ಇರುವುದರಿಂದ ನಾವು ಗೆರೆಯನ್ನೇ ಹತ್ತಿರಕ್ಕೆ ಎಳೆದುಕೊಂಡಿದ್ದೇವೆ. ಮೂರು ವರ್ಷಕ್ಕೊಮ್ಮೆ ಮಿತಿಯನ್ನು ಪರಿಷ್ಕರಿಸುತ್ತೇವೆ ಅಂತ ಸಚಿವಾಲಯ ಹೇಳಿದೆ. ಅದಕ್ಕಾಗಿ ನಗುವನ್ನು ಸ್ವಲ್ಪ ತಡೆದುಕೊಂಡಿದ್ದೇನೆ.

ಈ ಪದ ಇನ್ನು ಹತ್ತು ವರ್ಷ ನಮ್ಮ ಕಿವಿಗೆ ಬೀಳುತ್ತಲೇ ಇರುತ್ತೆ. ಹೂಡಿಕೆದಾರರ ಸಮಾವೇಶದಲ್ಲಿ, ಬಜೆಟ್ ಭಾಷಣದಲ್ಲಿ, ಬಳ್ಳಾರಿ–ಕೊಪ್ಪಳದ ಭೂಸ್ವಾಧೀನದ ನೋಟಿಸಿನಲ್ಲಿ. ಹಾಗಾಗಿ ಅದರೊಳಗೆ ಏನಿದೆ ಅಂತ ಒಮ್ಮೆ ಸರಿಯಾಗಿ ಬಿಚ್ಚಿ ನೋಡೋಣ.

ಕಲ್ಲಿದ್ದಲಿಗೆ ಎರಡು ಕೆಲಸ

ಕಬ್ಬಿಣದ ಅದಿರು ಅಂದರೆ ತುಕ್ಕು ಹಿಡಿದ ಕಬ್ಬಿಣ ಅಂತಲೇ ಇಟ್ಕೊಳ್ಳಿ. ಕಬ್ಬಿಣಕ್ಕೆ ಆಮ್ಲಜನಕ ಗಟ್ಟಿಯಾಗಿ ಅಂಟಿಕೊಂಡಿರುತ್ತೆ. ಉಕ್ಕು ಉದ್ಯಮದ ಮೂಲ ಕೆಲಸ ಆ ಆಮ್ಲಜನಕವನ್ನು ಕಿತ್ತು ಹಾಕುವುದು. ಇದಕ್ಕೆ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಬೇಕು. ಬ್ಲಾಸ್ಟ್ ಫರ್ನೇಸ್‌ನಲ್ಲಿ, ಶಾಲೆಯ ಪುಸ್ತಕದ ಊದುಕುಲುಮೆಯಲ್ಲಿ, ಈ ಕೋಕ್ ಎರಡು ಕೆಲಸ ಮಾಡುತ್ತೆ. ಒಂದು, ಉರಿದು ಶಾಖ ಕೊಡುವುದು. ಇನ್ನೊಂದು, ತನ್ನೊಳಗಿನ ಇಂಗಾಲದಿಂದ ಅದಿರಿನ ಆಮ್ಲಜನಕವನ್ನು ಸೆಳೆದುಕೊಂಡು ಕಾರ್ಬನ್ ಡೈಆಕ್ಸೈಡ್ ಆಗಿ ಹೊರಹೋಗುವುದು.

ಮೊದಲನೆಯದಕ್ಕೆ ಬದಲಿ ಹುಡುಕುವುದು ಕಷ್ಟವಲ್ಲ. ಶಾಖವನ್ನು ಕರೆಂಟಿನಿಂದಲೂ ಪಡೆಯಬಹುದು. ತಲೆನೋವು ಇರುವುದು ಎರಡನೆಯದರಲ್ಲಿ. ಕಾರಿನ ಎಂಜಿನ್ ತೆಗೆದು ಬ್ಯಾಟರಿ ಇಟ್ಟ ಹಾಗೆ ಇಲ್ಲಿ ಇಂಗಾಲ ತೆಗೆದು ಸೋಲಾರ್ ಪ್ಯಾನಲ್ ಇಡಲು ಆಗಲ್ಲ. ಇಲ್ಲಿ ಇಂಗಾಲವೇ ಕಚ್ಚಾವಸ್ತು. ಅದಕ್ಕೇ ಜಗತ್ತಿನ ಕಾರ್ಬನ್ ಹೊರಸೂಸುವಿಕೆಯಲ್ಲಿ ಉಕ್ಕಿನ ಪಾಲು ಶೇ 7ರಿಂದ 9ರಷ್ಟು. ಭಾರತದಲ್ಲಿ ಇನ್ನೂ ಜಾಸ್ತಿ, ಶೇ 10ರಿಂದ 12ರ ಆಸುಪಾಸು.

ಹೈಡ್ರೋಜನ್ ಬರುವುದು ಇಲ್ಲಿಗೆ. ಅದಿರಿನ ಆಮ್ಲಜನಕವನ್ನು ಇಂಗಾಲದ ಬದಲು ಹೈಡ್ರೋಜನ್ ಸೆಳೆದುಕೊಂಡರೆ ಹೊರಗೆ ಬರುವುದು ನೀರಿನ ಆವಿ. ಕುಲುಮೆಯ ಚಿಮಣಿಯಿಂದ ಹಬೆ! ಎಂಜಿನಿಯರಿಂಗ್ ಓದುವಾಗ ಈ ಸಮೀಕರಣವನ್ನು ಎರಡು ಅಂಕಕ್ಕೆ ಬಾಯಿಪಾಠ ಮಾಡಿದ್ದೆ. ಇದರ ಮೇಲೆ ಒಂದು ಜಿಲ್ಲೆಯ ಭವಿಷ್ಯ ನಿಂತಿರಬಹುದು ಅಂತ ಆಗ ಯಾರೂ ಹೇಳಿರಲಿಲ್ಲ.

ಈ ವಿಧಾನದಲ್ಲಿ ಅದಿರು ಕರಗುವುದಿಲ್ಲ. ಎತ್ತರದ ಗೋಪುರದಂಥ ಕುಲುಮೆಯಲ್ಲಿ ಮೇಲಿಂದ ಅದಿರಿನ ಉಂಡೆಗಳು ಇಳಿಯುತ್ತವೆ, ಕೆಳಗಿಂದ ಬಿಸಿ ಅನಿಲ ಏರುತ್ತೆ. ಆಮ್ಲಜನಕ ಕಳೆದುಕೊಂಡ ಉಂಡೆ ತೂತುತೂತಾದ ಘನ ಕಬ್ಬಿಣವಾಗಿ ಹೊರಬರುತ್ತೆ. ಅದೇ ಸ್ಪಾಂಜ್ ಐರನ್. ಅದನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿದರೆ ಉಕ್ಕು.

ಬಳ್ಳಾರಿ, ಕೊಪ್ಪಳದವರಿಗೆ 'ಸ್ಪಾಂಜ್ ಐರನ್' ಅಂದ ಕೂಡಲೇ ಮೈ ಉರಿಯುತ್ತೆ ಅಂತ ಗೊತ್ತು. ಬೆಳೆ ಮೇಲೆ ಕೂರುವ ಕಪ್ಪು ದೂಳು, ಒಣಗಲು ಹಾಕಿದ ಬಟ್ಟೆ ಮೇಲೆ ಮಸಿ. ಸ್ಪಾಂಜ್ ಐರನ್ ತಯಾರಿಕೆಯಲ್ಲಿ ಭಾರತ ಜಗತ್ತಿಗೇ ನಂಬರ್ ಒನ್. ಆದರೆ ಅದರಲ್ಲಿ ಬಹುಪಾಲು ತಯಾರಾಗುವುದು ಕಲ್ಲಿದ್ದಲು ತುಂಬಿ ತಿರುಗಿಸುವ ಉರುಳೆ ಗೂಡುಗಳಲ್ಲಿ. ಬ್ಲಾಸ್ಟ್ ಫರ್ನೇಸ್‌ಗಿಂತಲೂ ಕೊಳಕು ದಾರಿ ಅದು. ಅನಿಲ ಬಳಸುವ ಗೋಪುರ ಕುಲುಮೆಯದು ಬೇರೆ ಕಥೆ. ನೈಸರ್ಗಿಕ ಅನಿಲದಿಂದ ನಡೆಯುವ ಇಂಥ ಕುಲುಮೆಗಳು ಅರ್ಧ ಶತಮಾನದಿಂದ ಜಗತ್ತಿನಾದ್ಯಂತ ಓಡುತ್ತಿವೆ. ಅವುಗಳಲ್ಲಿ ಏರುವ ಅನಿಲದ ಅರ್ಧದಷ್ಟು ಈಗಾಗಲೇ ಹೈಡ್ರೋಜನ್ನೇ. ಅರ್ಧದಿಂದ ಪೂರ್ತಿಗೆ ಹೋಗುವುದಕ್ಕೆ ಹೊಸ ವಿಜ್ಞಾನವೇನೂ ಬೇಕಿಲ್ಲ. ಒಂದು ತೊಡಕು ಇದೆ. ಇಂಗಾಲದ ಅನಿಲ ಅದಿರಿನ ಜೊತೆ ವರ್ತಿಸುವಾಗ ಸ್ವಲ್ಪ ಶಾಖ ಬಿಡುತ್ತೆ, ಹೈಡ್ರೋಜನ್ ಉಲ್ಟಾ ಶಾಖ ಹೀರುತ್ತೆ. ಅದಕ್ಕಾಗಿ ಅನಿಲವನ್ನು ಮೊದಲೇ ಚೆನ್ನಾಗಿ ಕಾಯಿಸಿ ಒಳಗೆ ಬಿಡಬೇಕು. ಇದು ಎಂಜಿನಿಯರುಗಳು ನಿಭಾಯಿಸಬಲ್ಲ ಸಮಸ್ಯೆ.

ಒಂದು ಟನ್‌ಗೆ 54 ಕೆ.ಜಿ.

ಒಂದು ಟನ್ ಕಬ್ಬಿಣಕ್ಕೆ ಸೈದ್ಧಾಂತಿಕವಾಗಿ ಬೇಕಾಗುವ ಹೈಡ್ರೋಜನ್ 54 ಕೆ.ಜಿ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ. ಯಾವ ಕಂಪನಿ, ಯಾವ ಸರ್ಕಾರ 'ಹಸಿರು ಉಕ್ಕು' ಅಂದರೂ ಈ ಒಂದು ಸಂಖ್ಯೆಯಿಂದ ಅವರ ಮಾತಿನ ತೂಕ ನೋಡಬಹುದು.

ಹೈಡ್ರೋಜನ್ ಬಾವಿಯಲ್ಲಿ ಸಿಗಲ್ಲ. ನೀರಿಗೆ ಕರೆಂಟು ಹಾಯಿಸಿ ಒಡೆಯಬೇಕು. ಆ ಯಂತ್ರದ ಹೆಸರು ಎಲೆಕ್ಟ್ರೊಲೈಸರ್. ಒಂದು ಕೆ.ಜಿ. ಹೈಡ್ರೋಜನ್‌ಗೆ ಇವತ್ತಿನ ಯಂತ್ರಗಳು 50ರಿಂದ 55 ಯೂನಿಟ್ ಕರೆಂಟು ನುಂಗುತ್ತವೆ. 54 ಕೆ.ಜಿ.ಗೆ ಸುಮಾರು 2,800 ಯೂನಿಟ್. ಅದರ ಮೇಲೆ ಕಾಯಿಸಲು, ಕರಗಿಸಲು ಸೇರಿ ಒಟ್ಟು ಒಂದು ಟನ್ ಉಕ್ಕಿಗೆ ಹತ್ತಿರಹತ್ತಿರ 3,500 ಯೂನಿಟ್. ತಿಂಗಳಿಗೆ 100 ಯೂನಿಟ್ ಬಳಸುವ ಮನೆಗೆ ಇದು ಮೂರು ವರ್ಷದ ಕರೆಂಟು.

ಈಗ ಆ ಕರೆಂಟು ಎಲ್ಲಿಂದ ಬಂತು ಅಂತ ಕೇಳಿ. ಭಾರತದ ಗ್ರಿಡ್‌ನಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 0.7 ಕೆ.ಜಿ. ಆಸುಪಾಸಿನ ಕಾರ್ಬನ್ ಡೈಆಕ್ಸೈಡ್ ಅಂಟಿಕೊಂಡಿದೆ. 3,500ನ್ನು 0.7ರಿಂದ ಗುಣಿಸಿ. 2,450 ಕೆ.ಜಿ. ಅಂದರೆ ಸುಮಾರು ಎರಡೂವರೆ ಟನ್.

ಹೌದು, ಎಲ್ಲಿಂದ ಹೊರಟೆವೋ ಅಲ್ಲಿಗೇ ಬಂದ್ವಿ. ಮಾಮೂಲಿ ಗ್ರಿಡ್ ಕರೆಂಟಿನಿಂದ ಮಾಡಿದ ಹೈಡ್ರೋಜನ್ ಉಕ್ಕು, ಕಲ್ಲಿದ್ದಲಿನ ಉಕ್ಕಿನಷ್ಟೇ ಕಪ್ಪು. ಹೊಗೆ ತೋರಣಗಲ್ಲಿನ ಚಿಮಣಿ ಬಿಟ್ಟು ರಾಯಚೂರಿನ ಶಕ್ತಿನಗರದ ಚಿಮಣಿಯಲ್ಲಿ ಬರುತ್ತೆ, ಅಷ್ಟೇ. ಅದಕ್ಕೇ ಕೇಂದ್ರ ಸರ್ಕಾರ 2023ರ ಆಗಸ್ಟ್‌ನಲ್ಲಿ ಹಸಿರು ಹೈಡ್ರೋಜನ್‌ಗೂ ಒಂದು ಮಿತಿ ಹಾಕಿತು. ಒಂದು ಕೆ.ಜಿ. ಹೈಡ್ರೋಜನ್‌ಗೆ 2 ಕೆ.ಜಿ.ಗಿಂತ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಬರಬಾರದು. ಗ್ರಿಡ್ ಕರೆಂಟು ಬಳಸಿದರೆ ಅದು 35 ಕೆ.ಜಿ. ದಾಟುತ್ತೆ. ಉಕ್ಕಿನ ವ್ಯಾಖ್ಯಾನದ ಬಗ್ಗೆ ಗೊಣಗಿದ ನಾನು ಈ ಮಾನದಂಡವನ್ನು ಮೆಚ್ಚಲೇಬೇಕು, ಇದು ಬಿಗಿಯಾಗಿದೆ.

ಇನ್ನು ನೀರು. ಬಯಲುಸೀಮೆಯಲ್ಲಿ ಹೈಡ್ರೋಜನ್ ಅಂದರೆ ಎಲ್ಲರೂ ಮೊದಲು ಕೇಳುವುದು ಇದನ್ನೇ. ಕೇಳಲೇಬೇಕು, 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಆ ಸೀಮೆಯ ಜನ ಹೇಗೆ ನಿದ್ದೆಗೆಟ್ಟರು ಅಂತ ನೋಡಿದ್ದೇವೆ. ಆದರೆ ಲೆಕ್ಕ ಹಾಕಿದರೆ ಇಲ್ಲಿ ಭಯ ಸ್ವಲ್ಪ ಜಾಸ್ತಿಯೇ ಆಗಿದೆ ಅನ್ನಿಸುತ್ತೆ. ಒಂದು ಕೆ.ಜಿ. ಹೈಡ್ರೋಜನ್‌ಗೆ ಒಡೆಯಬೇಕಾದ ನೀರು 9 ಲೀಟರ್. ಟನ್ ಕಬ್ಬಿಣಕ್ಕೆ 500 ಲೀಟರ್‌ಗಿಂತ ಸ್ವಲ್ಪ ಕಡಿಮೆ. ಕುಲುಮೆಯಿಂದ ಹೊರಬರುವುದೂ ನೀರಿನ ಆವಿಯೇ ಆದ್ದರಿಂದ ಅದನ್ನು ತಣ್ಣಗೆ ಮಾಡಿ ಬಹುಪಾಲು ಮತ್ತೆ ಎಲೆಕ್ಟ್ರೊಲೈಸರ್‌ಗೇ ಕೊಡಬಹುದು. ಯಾವ ಉಕ್ಕಿನ ಕಾರ್ಖಾನೆಯಲ್ಲೂ ನೀರಿನ ದೊಡ್ಡ ಖರ್ಚು ತಂಪು ಮಾಡುವುದಕ್ಕೆ. ನಿಗಾ ಇಡಬೇಕಾದ್ದು ಅಲ್ಲಿ.

ಹತ್ತು ಪಾವಗಡ

ಈಗ ತೋರಣಗಲ್ಲಿಗೆ ಬರೋಣ. ಜೆಎಸ್‌ಡಬ್ಲ್ಯು ಸ್ಟೀಲ್‌ನ ವಿಜಯನಗರ ಕಾರ್ಖಾನೆ ದೇಶದ ಅತಿದೊಡ್ಡ ಉಕ್ಕಿನ ಘಟಕಗಳಲ್ಲಿ ಒಂದು. ವಾರ್ಷಿಕ ಸಾಮರ್ಥ್ಯ 1.2 ಕೋಟಿ ಟನ್‌ಗಿಂತ ಹೆಚ್ಚು. 2023ರಲ್ಲಿ ಇದೇ ಸಮೂಹದ ಜೆಎಸ್‌ಡಬ್ಲ್ಯು ಎನರ್ಜಿ ಈ ಕಾರ್ಖಾನೆಗೆ ವರ್ಷಕ್ಕೆ 3,800 ಟನ್ ಹಸಿರು ಹೈಡ್ರೋಜನ್ ಪೂರೈಸುವ ಒಪ್ಪಂದ ಮಾಡಿಕೊಂಡಿತು. ಪತ್ರಿಕೆಗಳಲ್ಲಿ ದೊಡ್ಡದಾಗಿಯೇ ಬಂತು.

3,800 ಟನ್ನನ್ನು 54 ಕೆ.ಜಿ.ಯಿಂದ ಭಾಗಿಸಿ. ಸುಮಾರು 70,000 ಟನ್ ಕಬ್ಬಿಣ. 1.2 ಕೋಟಿ ಟನ್ನಿನ ಎದುರು ಅದು ಶೇ 1ನ್ನೂ ಮುಟ್ಟಲ್ಲ.

ಇದನ್ನು ಗೇಲಿ ಮಾಡಲು ಹೇಳುತ್ತಿಲ್ಲ. ಎಲ್ಲ ತಂತ್ರಜ್ಞಾನವೂ ಸಣ್ಣದಾಗೇ ಶುರುವಾಗಬೇಕು, ಮತ್ತು ದೇಶದಲ್ಲಿ ಈ ಪ್ರಮಾಣದಲ್ಲಿ ಕೈಹಾಕಿದವರು ಕಡಿಮೆ. ನನ್ನ ಪ್ರಶ್ನೆ ಉಳಿದ 99ರ ಬಗ್ಗೆ. ಇಡೀ 1.2 ಕೋಟಿ ಟನ್ನನ್ನೂ ಹೈಡ್ರೋಜನ್ ದಾರಿಗೆ ತಂದರೆ ಬೇಕಾಗುವ ವಿದ್ಯುತ್ತು ವರ್ಷಕ್ಕೆ 4,200 ಕೋಟಿ ಯೂನಿಟ್. ಪಾವಗಡದ ಸೋಲಾರ್ ಪಾರ್ಕ್‌ನ ಸಾಮರ್ಥ್ಯ 2,050 ಮೆಗಾವಾಟ್, ವಿಸ್ತೀರ್ಣ ಸುಮಾರು 13,000 ಎಕರೆ. ಬಿಸಿಲಿನ ಲೆಕ್ಕದಲ್ಲಿ ಅದು ವರ್ಷಕ್ಕೆ ಕೊಡಬಲ್ಲದ್ದು ಹತ್ತಿರಹತ್ತಿರ 400 ಕೋಟಿ ಯೂನಿಟ್. ಅಂದರೆ ಒಂದು ತೋರಣಗಲ್ಲಿಗೆ ಹತ್ತು ಪಾವಗಡ ಬೇಕು. ಒಂದು ಲಕ್ಷದ ಮೂವತ್ತು ಸಾವಿರ ಎಕರೆ.

ಚಿತ್ರದುರ್ಗ, ಗದಗದ ಕಡೆಯ ಗಾಳಿ ವಿದ್ಯುತ್ ಸೇರಿಸಿದರೆ ಎಕರೆ ಲೆಕ್ಕ ಇಳಿಯುತ್ತೆ. ಗುಜರಿ ಕಬ್ಬಿಣ ಕರಗಿಸುವ ಪಾಲು ಹೆಚ್ಚಿಸಿದರೆ ಇನ್ನೂ ಇಳಿಯುತ್ತೆ, ಏಕೆಂದರೆ ಗುಜರಿಯಲ್ಲಿ ಆಮ್ಲಜನಕ ಕೀಳುವ ಕೆಲಸವೇ ಇರಲ್ಲ. (ಆದರೆ ನಮ್ಮಲ್ಲಿ ಗುಜರಿ ಕಡಿಮೆ. ಹಳೆಯ ಸೇತುವೆ, ಹಳೆಯ ಕಟ್ಟಡ ಒಡೆದರೆ ತಾನೇ ಗುಜರಿ? ನಾವು ಇನ್ನೂ ಕಟ್ಟುತ್ತಿರುವ ದೇಶ.) ಏನೇ ಕಳೆದರೂ ಲೆಕ್ಕ ಲಕ್ಷ ಎಕರೆಯ ಸುತ್ತಮುತ್ತಲೇ ಓಡಾಡುತ್ತೆ.

ಪಾವಗಡದಲ್ಲಿ ರೈತರಿಂದ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಏರಿಕೆ. ಭೂಸ್ವಾಧೀನಕ್ಕಿಂತ ಇದು ಎಷ್ಟೋ ಮೇಲು. ಆದರೆ ಬಾಡಿಗೆ ಹೋಗುವುದು ಪಹಣಿಯಲ್ಲಿ ಹೆಸರಿರುವವರಿಗೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಗಳ, ಅಲ್ಲಿ ಕುರಿ ಮೇಯಿಸುತ್ತಿದ್ದವರ ಹೆಸರು ಪಹಣಿಯಲ್ಲಿ ಇರಲ್ಲ. ಪ್ಯಾನಲ್ ಕೆಳಗೆ ಕಳೆ ತೆಗೆಯಲು ಎಷ್ಟು ಜನ ಬೇಕು? ಇದು ಹತ್ತು ಪಟ್ಟಾದಾಗ ಏನಾಗುತ್ತೆ ಎಂಬ ಪ್ರಶ್ನೆಯನ್ನು ಯಾವ ಹೂಡಿಕೆದಾರರ ಸಮಾವೇಶದಲ್ಲೂ ನಾನು ಕೇಳಿಸಿಕೊಂಡಿಲ್ಲ.

ಇನ್ನೊಂದು ಗಂಟು ಇದೆ. ಸೂರ್ಯ ಸಂಜೆ ಮುಳುಗುತ್ತಾನೆ, ಕುಲುಮೆ ಮುಳುಗೋ ಹಾಗಿಲ್ಲ. ರಾತ್ರಿಗೆ ಕರೆಂಟು ಎಲ್ಲಿಂದ? ಹಗಲಿನ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಪಂಪ್ ಮಾಡಿ ರಾತ್ರಿ ಬಿಡುವುದು ಒಂದು ದಾರಿ. ಅದರ ಹೆಸರು ಕೇಳಿರುತ್ತೀರಿ, ಪಂಪ್ಡ್ ಸ್ಟೋರೇಜ್. ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಕಾಡಿನಲ್ಲಿ, 2,000 ಮೆಗಾವಾಟಿನ ಯೋಜನೆಗೆ ಜನ ವಿರೋಧಿಸುತ್ತಿರುವುದು ಇದನ್ನೇ. ಬಳ್ಳಾರಿಯ ಹಸಿರು ಉಕ್ಕಿಗೂ ಹೊನ್ನಾವರದ ಕಾಡಿಗೂ ಸಂಬಂಧ ಹೀಗೆ ಬೆಳೆಯುತ್ತೆ. ಬೇರೆ ದಾರಿಗಳೂ ಇವೆ. ಹೈಡ್ರೋಜನ್ನನ್ನೇ ಬಂಡೆಯ ಗುಹೆಯಲ್ಲಿ ಕೂಡಿಡಬಹುದು. ನನಗೆ ಇಷ್ಟವಾದದ್ದು ಇನ್ನೂ ಸರಳ: ಬಿಸಿಲು, ಗಾಳಿ ಚೆನ್ನಾಗಿರುವಾಗ ಸ್ಪಾಂಜ್ ಐರನ್ ಹೆಚ್ಚು ಮಾಡಿ, ಇಟ್ಟಿಗೆಯ ಹಾಗೆ ಒತ್ತಿ, ಪೇರಿಸಿ ಇಡುವುದು. ಬೇಕಾದಾಗ ಕರಗಿಸಿಕೊಳ್ಳುವುದು. ಕಬ್ಬಿಣದ ರಾಶಿಯೇ ಬ್ಯಾಟರಿ.

ಸ್ವೀಡನ್‌ನಲ್ಲಿ ಆದದ್ದು, ಜರ್ಮನಿಯಲ್ಲಿ ನಿಂತದ್ದು

ಗುಹೆಯ ಮಾತು ಊಹೆಯಲ್ಲ. ಉತ್ತರ ಸ್ವೀಡನ್ನಿನ ಲುಲಿಯೊದಲ್ಲಿ ಉಕ್ಕು, ಗಣಿ, ವಿದ್ಯುತ್ ಮೂರೂ ಕಂಪನಿಗಳು ಸೇರಿ 2016ರಲ್ಲಿ 'ಹೈಬ್ರಿಟ್' ಎಂಬ ಯೋಜನೆ ಶುರು ಮಾಡಿದವು. 2020ರಲ್ಲಿ ಪ್ರಾಯೋಗಿಕ ಘಟಕ, 2021ರ ಆಗಸ್ಟ್‌ನಲ್ಲಿ ಕಲ್ಲಿದ್ದಲಿಲ್ಲದ ಮೊದಲ ಉಕ್ಕು ವೋಲ್ವೊ ಕಂಪನಿಗೆ. ಬಂಡೆಯೊಳಗೆ ಹೈಡ್ರೋಜನ್ ಕೂಡಿಡುವುದನ್ನೂ ಅಲ್ಲೇ ಪರೀಕ್ಷಿಸಿದರು. ತಂತ್ರಜ್ಞಾನ ಕೆಲಸ ಮಾಡುತ್ತೆ ಅನ್ನುವುದಕ್ಕೆ ಇನ್ನು ಸಾಕ್ಷಿ ಬೇಕಿಲ್ಲ.

ಆದರೆ ಅಲ್ಲಿನ ನದಿಗಳ ಜಲವಿದ್ಯುತ್ ಅಗ್ಗ, ಜನಸಂಖ್ಯೆ ಕಡಿಮೆ. ಅಷ್ಟಿದ್ದೂ ಹತ್ತಿರದ ಬೊಡೆನ್‌ನಲ್ಲಿ ದೊಡ್ಡ ಹೈಡ್ರೋಜನ್ ಉಕ್ಕಿನ ಘಟಕ ಕಟ್ಟುತ್ತಿರುವ ಸ್ಟೆಗ್ರಾ ಕಂಪನಿ 2025ರಲ್ಲಿ ದುಡ್ಡಿಗಾಗಿ ಪರದಾಡಿತು. ಜರ್ಮನಿಯಲ್ಲಿ ಆರ್ಸೆಲರ್ ಮಿತ್ತಲ್ 2025ರ ಜೂನ್‌ನಲ್ಲಿ ಬ್ರೆಮೆನ್, ಐಸೆನ್‌ಹ್ಯೂಟೆನ್‌ಸ್ಟಾಟ್ ಘಟಕಗಳ ಬದಲಾವಣೆಯನ್ನೇ ಕೈಬಿಟ್ಟಿತು. ಸರ್ಕಾರ ಕೊಡಲಿದ್ದ 130 ಕೋಟಿ ಯೂರೊ ಸಹಾಯಧನವನ್ನೂ ಬೇಡ ಅಂದಿತು. ಕಾರಣ ಮತ್ತೆ ಕರೆಂಟೇ: ಅಗ್ಗದ ವಿದ್ಯುತ್ತಿಲ್ಲ, ಹಾಗಾಗಿ ಅಗ್ಗದ ಹೈಡ್ರೋಜನ್ನೂ ಇಲ್ಲ.

ಹೈಡ್ರೋಜನ್ನೂ ಬೇಡ, ಅದಿರನ್ನೇ ಕರಗಿಸಿ ನೇರ ಕರೆಂಟು ಹಾಯಿಸಿ ಕಬ್ಬಿಣ ತೆಗೆಯುವ ಪ್ರಯತ್ನವೂ ನಡೆದಿದೆ. ಅಮೆರಿಕದ ಎಂಐಟಿಯಿಂದ ಹೊರಬಂದ ಬೋಸ್ಟನ್ ಮೆಟಲ್ ಇದರಲ್ಲಿ ಹೆಸರಾಗಿದೆ. ಅಲ್ಯೂಮಿನಿಯಂ ತೆಗೆಯುವ ಹಾಗೆಯೇ. ಚೆಂದದ ವಿಜ್ಞಾನ, ಆದರೆ ಲಕ್ಷಗಟ್ಟಲೆ ಟನ್‌ಗೆ ಇನ್ನೂ ಬಂದಿಲ್ಲ. ಮುಂದೆ ಹೋಗೋಣ.

ಒಂದೇ ತಿಂಗಳು, ಒಂದೇ ಕಂಪನಿ

2024ರ ಸೆಪ್ಟೆಂಬರ್ 30ರಂದು ಬ್ರಿಟನ್ನಿನ ವೇಲ್ಸ್‌ನಲ್ಲಿರುವ ಪೋರ್ಟ್ ಟಾಲ್ಬಟ್‌ನ ಕೊನೆಯ ಬ್ಲಾಸ್ಟ್ ಫರ್ನೇಸ್ ಆರಿತು. ಮಾಲೀಕರು ಟಾಟಾ ಸ್ಟೀಲ್. ಅದರ ಜಾಗದಲ್ಲಿ ಗುಜರಿ ಕರಗಿಸುವ ವಿದ್ಯುತ್ ಕುಲುಮೆ ಬರುತ್ತೆ, ಅದಕ್ಕೆ ಬ್ರಿಟನ್ ಸರ್ಕಾರದ 50 ಕೋಟಿ ಪೌಂಡ್. ಎರಡು ಸಾವಿರಕ್ಕೂ ಹೆಚ್ಚು ಕೆಲಸಗಳು ಹೋದವು. ಅದೇ ಸೆಪ್ಟೆಂಬರ್‌ನಲ್ಲಿ, ಹತ್ತೇ ದಿನ ಮೊದಲು, ಒಡಿಶಾದ ಕಳಿಂಗನಗರದಲ್ಲಿ ಅದೇ ಟಾಟಾ ಸ್ಟೀಲ್ ದೇಶದ ಅತಿದೊಡ್ಡ ಬ್ಲಾಸ್ಟ್ ಫರ್ನೇಸ್ ಹೊತ್ತಿಸಿತು.

ಇದರಲ್ಲಿ ಕಪಟ ಹುಡುಕುವುದು ಸುಲಭ. ನಾನು ಪೂರ್ತಿ ಹಾಗೆ ನೋಡಲ್ಲ. ಭಾರತದಲ್ಲಿ ಒಬ್ಬ ಮನುಷ್ಯನ ಪಾಲಿಗೆ ವರ್ಷಕ್ಕೆ ಬರುವ ಉಕ್ಕು ಸುಮಾರು 100 ಕೆ.ಜಿ. ಜಗತ್ತಿನ ಸರಾಸರಿ ಅದರ ಎರಡು ಪಟ್ಟಿಗೂ ಹೆಚ್ಚು. ನಮಗೆ ಇನ್ನೂ ಶಾಲೆ, ಆಸ್ಪತ್ರೆ, ಸೇತುವೆ, ರೈಲು ಬೇಕು. ಇನ್ನೂರು ವರ್ಷ ಕಲ್ಲಿದ್ದಲು ಸುಟ್ಟು ಮೇಲೆ ಬಂದ ಯುರೋಪು ಈಗ ನಮ್ಮ ಉಕ್ಕಿಗೆ ಗಡಿಯಲ್ಲಿ ಕಾರ್ಬನ್ ಸುಂಕ ಹಾಕುತ್ತೆ. 2023ರ ಅಕ್ಟೋಬರ್‌ನಿಂದ ಲೆಕ್ಕ ಒಪ್ಪಿಸಬೇಕಿತ್ತು, 2026ರ ಜನವರಿಯಿಂದ ಹಣದ ಹೊಣೆಯೂ ಶುರು. ಇದು ನ್ಯಾಯವಲ್ಲ. ಆದರೆ ಅನ್ಯಾಯ ಅಂತ ಕೂಗಿದ ಮಾತ್ರಕ್ಕೆ ನಮ್ಮ ಚಿಮಣಿ ಕೆಳಗಿನ ಜನರ ಉಸಿರು ಸರಿಹೋಗುವುದೂ ಇಲ್ಲ.

ಚಿಂತೆ ಇರುವುದು ಆಯಸ್ಸಿನದ್ದು. ಒಂದು ಬ್ಲಾಸ್ಟ್ ಫರ್ನೇಸ್ ಕಟ್ಟಿದರೆ, ಒಳಗಿನ ಇಟ್ಟಿಗೆ ಹೊದಿಕೆಯನ್ನು ಹದಿನೈದು–ಇಪ್ಪತ್ತು ವರ್ಷಕ್ಕೊಮ್ಮೆ ಬದಲಿಸುತ್ತಾ ನಲವತ್ತು ವರ್ಷ ನಡೆಸುತ್ತಾರೆ. ರಾಷ್ಟ್ರೀಯ ಉಕ್ಕು ನೀತಿಯ ಗುರಿ 2030–31ರ ವೇಳೆಗೆ 30 ಕೋಟಿ ಟನ್ ಸಾಮರ್ಥ್ಯ. ಈಗ ಕಟ್ಟುವ ಕುಲುಮೆ 2065ರಲ್ಲೂ ಉರಿಯುತ್ತಿರುತ್ತೆ. ಭಾರತ ಶೂನ್ಯ ಹೊರಸೂಸುವಿಕೆ ಸಾಧಿಸುತ್ತೇವೆ ಅಂತ ಜಗತ್ತಿಗೆ ಮಾತು ಕೊಟ್ಟಿರುವುದು 2070ಕ್ಕೆ.

ಕೊಪ್ಪಳದ ಗಲಾಟೆಯನ್ನು ನಾನು ನೋಡುವುದು ಈ ಕಣ್ಣಿನಿಂದ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಹೂಡಿಕೆದಾರರ ಸಮಾವೇಶದಲ್ಲಿ ಕೊಪ್ಪಳ ನಗರದ ಮಗ್ಗುಲಲ್ಲೇ ಬಲ್ದೋಟ ಸಮೂಹದ ದೊಡ್ಡ ಉಕ್ಕಿನ ಕಾರ್ಖಾನೆ ಘೋಷಣೆಯಾಯಿತು. ಅದೇ ತಿಂಗಳು ಊರಿಗೆ ಊರೇ ಬಂದ್ ಆಯಿತು. ಗವಿಮಠದ ಸ್ವಾಮೀಜಿ ಬೀದಿಗೆ ಬಂದರು. ಕಾಮಗಾರಿ ನಿಲ್ಲಿಸಿ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಮೌಖಿಕವಾಗಿ ಹೇಳಬೇಕಾಯಿತು. ಜನ ಅಲ್ಲಿ ಕಾರ್ಬನ್ ಡೈಆಕ್ಸೈಡ್ ಬಗ್ಗೆ ಮಾತಾಡಲಿಲ್ಲ, ದೂಳು ಮತ್ತು ಮಕ್ಕಳ ಕೆಮ್ಮಿನ ಬಗ್ಗೆ ಮಾತಾಡಿದರು. ಕೋಕ್ ಗೂಡು, ಕಲ್ಲಿದ್ದಲ ರಾಶಿ, ಅದಿರು ಬೇಯಿಸುವ ಘಟಕ ಇವೇ ದೂಳಿನ ತವರು. ಹೈಡ್ರೋಜನ್ ದಾರಿಯಲ್ಲಿ ಮೊದಲ ಎರಡೂ ಇರಲ್ಲ. ಹಾಗಾಗಿ 'ಕಾರ್ಖಾನೆ ಬೇಕೋ ಬೇಡವೋ' ಎಂಬ ಒಂದೇ ಪ್ರಶ್ನೆಯ ಜೊತೆಗೆ 'ಯಾವ ಕುಲುಮೆ?' ಅಂತಲೂ ಕೇಳುವ ಹಕ್ಕು ಆ ಊರಿಗಿದೆ. ಪರಿಸರ ಸಾರ್ವಜನಿಕ ಅಹವಾಲು ಸಭೆಯಲ್ಲಿ ಈ ಪ್ರಶ್ನೆ ಬರುವುದೇ ಅಪರೂಪ.

ದೂರದ ಕಲ್ಲಿದ್ದಲು, ಹತ್ತಿರದ ಘಾಟಿ

ಹಸಿರು ಅನ್ನುವ ಪದದಲ್ಲಿ ನಂಬಿಕೆ ಇಲ್ಲದವರಿಗೆ ಇನ್ನೊಂದು ವಾದ ಇದೆ. ಅದು ಪರಿಸರದ್ದಲ್ಲ, ವ್ಯಾಪಾರದ್ದು. ಕೋಕ್ ಮಾಡುವಂಥ ಒಳ್ಳೆಯ ಕಲ್ಲಿದ್ದಲು ಭಾರತದಲ್ಲಿ ಸಾಲದು. ಬೇಕಾದದ್ದರಲ್ಲಿ ಹತ್ತರಲ್ಲಿ ಎಂಟೊಂಬತ್ತು ಪಾಲು ಆಮದು, ಅದರಲ್ಲೂ ಮುಖ್ಯವಾಗಿ ಆಸ್ಟ್ರೇಲಿಯಾದಿಂದ. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದಾಗ ಈ ಕಲ್ಲಿದ್ದಲಿನ ಬೆಲೆ ಟನ್‌ಗೆ 600 ಡಾಲರ್ ದಾಟಿತ್ತು. ಮೂರನೆಯವರ ಯುದ್ಧಕ್ಕೆ ನಮ್ಮ ಕಂಬಿಯ ರೇಟು ಕುಣಿಯುತ್ತೆ.

ಗೋವಾದ ಮುರ್ಮುಗಾವ್ ಬಂದರಿನಲ್ಲಿ ಇಳಿದ ಕಲ್ಲಿದ್ದಲು ಕ್ಯಾಸಲ್‌ರಾಕ್ ಘಾಟಿ ಹತ್ತಿ ಬಳ್ಳಾರಿ ಸೀಮೆಗೆ ಬರುತ್ತೆ. ಆ ಘಾಟಿಯಲ್ಲಿ ಹಳಿ ಜೋಡಿ ಮಾಡುವ ಯೋಜನೆಯ ವಿರುದ್ಧ ಗೋವಾದ ಯುವಕರು 2020ರಲ್ಲಿ ಮೊಲ್ಲೆಂ ಕಾಡಿಗಾಗಿ ರಾತ್ರಿಯೆಲ್ಲ ಹಳಿ ಮೇಲೆ ಕೂತಿದ್ದರು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಟಿನೈಘಾಟ್–ಕ್ಯಾಸಲ್‌ರಾಕ್–ಕುಳೆಂ ಮಾರ್ಗದ ವನ್ಯಜೀವಿ ಅನುಮತಿಯನ್ನು ರದ್ದುಮಾಡಿತು. ಕಲ್ಲಿದ್ದಲಿನ ದಾರಿಗೆ ಈ ಕಡೆ ಒಂದು ಘಾಟಿ, ಸೋಲಾರ್ ಕೂಡಿಡುವ ದಾರಿಗೆ ಆ ಕಡೆ ಇನ್ನೊಂದು ಘಾಟಿ. ಉಕ್ಕಿಗೆ ಪಶ್ಚಿಮಘಟ್ಟ ಎರಡೂ ಕಡೆಯಿಂದ ಬಾಡಿಗೆ ಕಟ್ಟುತ್ತಿದೆ.

ದುಡ್ಡು ಯಾರದ್ದು?

ಹಸಿರು ಹೈಡ್ರೋಜನ್ ಕೆ.ಜಿ.ಗೆ 300 ರೂಪಾಯಿ ಅಂತ ಇಟ್ಕೊಳ್ಳಿ. ಟನ್ ಕಬ್ಬಿಣಕ್ಕೆ ಹೈಡ್ರೋಜನ್ ಖರ್ಚೇ 16,000 ದಾಟಿತು. ಕಲ್ಲಿದ್ದಲು ಉಳಿಯಿತು, ಬೇರೆ ಖರ್ಚು ಸೇರಿತು. ಕೊನೆಗೆ ಉಕ್ಕು ಟನ್‌ಗೆ 15,000 ರೂಪಾಯಿ ದುಬಾರಿ ಆಯಿತು ಅಂತ ಸ್ವಲ್ಪ ಜಾಸ್ತಿಯೇ ಹಿಡಿದು ನೋಡೋಣ. ಹತ್ತು ಲಕ್ಷದ ಕಾರಿನಲ್ಲಿ ಸುಮಾರು 900 ಕೆ.ಜಿ. ಉಕ್ಕು ಇದ್ದರೆ ಬೆಲೆ ಏರುವುದು 13,500 ರೂಪಾಯಿ. ಕಾರು ಕೊಳ್ಳುವವರಿಗೆ ಸೀಟ್ ಕವರ್ ದುಡ್ಡು. ಸಾಲ ಮಾಡಿ ಸಣ್ಣ ಮನೆ ಕಟ್ಟುವವರಿಗೆ ನಾಲ್ಕು ಟನ್ ಕಂಬಿ ಬೇಕಾದರೆ 60,000 ರೂಪಾಯಿ. ಅದು ಪೆಟ್ಟು.

ಆದ್ದರಿಂದ ಹಸಿರು ಉಕ್ಕಿನ ಭಾರ ಮೊದಲು ಕಾರು, ಮಾಲ್, ಮೆಟ್ರೊ, ಹೆದ್ದಾರಿಯ ಮೇಲೆ ಬೀಳಬೇಕು, ಮನೆ ಕಂಬಿಯ ಮೇಲಲ್ಲ. ದೇಶದಲ್ಲಿ ಉಕ್ಕಿನ ದೊಡ್ಡ ಗಿರಾಕಿ ಸರ್ಕಾರವೇ. ತನ್ನ ಟೆಂಡರಿನಲ್ಲಿ ಇಷ್ಟು ಪಾಲು ಐದು ಸ್ಟಾರ್ ಇರಲಿ ಅಂತ ಒಂದು ಸಾಲು ಸೇರಿಸಿದರೆ ಮಾರುಕಟ್ಟೆ ತಾನಾಗಿ ಹುಟ್ಟುತ್ತೆ. 2023ರ ಜನವರಿಯಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ನಿನ ಒಟ್ಟು ಹಣ 19,744 ಕೋಟಿ. ಅದರಲ್ಲಿ ಉಕ್ಕಿನ ಪ್ರಯೋಗಗಳಿಗೆ ಎತ್ತಿಟ್ಟಿದ್ದು 455 ಕೋಟಿ. ಹೊರಸೂಸುವಿಕೆಯ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಹೊತ್ತ ಉದ್ಯಮಕ್ಕೆ ಮಿಷನ್ನಿನ ಶೇ 2.3.

ಭದ್ರಾವತಿಯಲ್ಲಿ ಇದು ಒಮ್ಮೆ ಆಗಿತ್ತು

ಕಲ್ಲಿದ್ದಲಿಲ್ಲದ ಉಕ್ಕು ಕರ್ನಾಟಕಕ್ಕೆ ಹೊಸದಲ್ಲ. 1918ರಲ್ಲಿ ಶುರುವಾಗಿ 1923ರಲ್ಲಿ ಉತ್ಪಾದನೆಗೆ ಇಳಿದ ಭದ್ರಾವತಿಯ ಮೈಸೂರು ಕಬ್ಬಿಣ ಕಾರ್ಖಾನೆ ನಡೆದದ್ದು ಇದ್ದಿಲಿನಿಂದ. ಅದಿರು ಕೆಮ್ಮಣ್ಣುಗುಂಡಿಯದ್ದು, ಇದ್ದಿಲು ಸುತ್ತಲಿನ ಮಲೆನಾಡಿನ ಕಾಡಿನದ್ದು. ಜೋಗದ ಕರೆಂಟು ಬಂದ ಮೇಲೆ, 1950ರ ದಶಕದಲ್ಲಿ ಅಲ್ಲಿ ನಾರ್ವೆ ಮಾದರಿಯ ವಿದ್ಯುತ್ ಕುಲುಮೆಗಳಲ್ಲಿ ಬೀಡು ಕಬ್ಬಿಣ ತೆಗೆದರು. ಮೇಲೆ ಹೇಳಿದ ಎರಡು ಕೆಲಸ ನೆನಪಿದೆಯಾ? ಶಾಖದ ಕೆಲಸವನ್ನು ಜಲವಿದ್ಯುತ್ತಿಗೆ ಆಗಲೇ ವಹಿಸಿಬಿಟ್ಟಿದ್ದರು. ಆಮ್ಲಜನಕ ಕೀಳಲು ಮಾತ್ರ ಇಂಗಾಲ ಬೇಕಾಗಿತ್ತು. ಇವತ್ತಿನ ಭಾಷೆಯಲ್ಲಿ ಅರ್ಧ ಹಸಿರು ಉಕ್ಕು. ಅದರ ಬೆಲೆ ಕಟ್ಟಿದ್ದು ಕಾಡು, ಮತ್ತು ಜೋಗದ ಕರೆಂಟಿಗಾಗಿ ಶರಾವತಿಯಲ್ಲಿ ಊರು ಬಿಟ್ಟವರು. ಅವರಲ್ಲಿ ಎಷ್ಟೋ ಕುಟುಂಬಗಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ.

ಆ ಕಾರ್ಖಾನೆ ಈಗ ಸೈಲ್‌ನ ಕೈಯಲ್ಲಿದೆ. 2023ರ ಜನವರಿಯಲ್ಲಿ ಅದನ್ನು ಮುಚ್ಚಲು ಸೈಲ್ ಆಡಳಿತ ಮಂಡಳಿ ತೀರ್ಮಾನಿಸಿತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ತಿಂಗಳುಗಟ್ಟಲೆ ಕೂತರು. ಆ ವರ್ಷವೇ ಒಂದು ರೋಲಿಂಗ್ ಮಿಲ್ಲು ಮತ್ತೆ ತಿರುಗಿತು. 2024ರ ಜೂನ್ ಕೊನೆಗೆ ಕುಮಾರಸ್ವಾಮಿ ಉಕ್ಕು ಸಚಿವರಾಗಿ ಅಲ್ಲಿಗೆ ಹೋಗಿ ಬಂದರು.

ಭದ್ರಾವತಿಯ ವಾರ್ಷಿಕ ಸಾಮರ್ಥ್ಯ ಲಕ್ಷ ಟನ್ನಿನ ಆಸುಪಾಸು. ತೋರಣಗಲ್ಲಿನ 3,800 ಟನ್ ಹೈಡ್ರೋಜನ್ ಅಲ್ಲಿ ಶೇ 1ಕ್ಕೂ ಸಾಲಲ್ಲ ಅಂದೆನಲ್ಲ, ಅಷ್ಟೇ ಹೈಡ್ರೋಜನ್ ಭದ್ರಾವತಿಯ ಬಹುಪಾಲನ್ನು ತುಂಬುತ್ತೆ. ಅದಕ್ಕೆ ಬೇಕಾದ ಕರೆಂಟು ಪಾವಗಡದ ಹದಿನಾರು–ಹದಿನೇಳನೇ ಒಂದು ಪಾಲು. ವಿಶೇಷ ಉಕ್ಕು ಮಾಡಿ ಪಳಗಿದ ಕೈಗಳಿವೆ, ಜಾಗ ಇದೆ, ಸರ್ಕಾರದ್ದೇ ಕಂಪನಿ. 455 ಕೋಟಿಯ ಪ್ರಯೋಗದ ಹಣ ಉಕ್ಕು ಸಚಿವಾಲಯದ ಕೈಯಲ್ಲಿದೆ, ಸಚಿವರು ಕರ್ನಾಟಕದವರು. ಮುಂದಿನ ಸಲ ಅವರು ಭದ್ರಾವತಿಗೆ ಬಂದಾಗ ಪತ್ರಿಕಾಗೋಷ್ಠಿಯಲ್ಲಿ ನಾನು ಕೇಳಬೇಕು ಅಂತಿರುವುದು ಇದನ್ನೇ. ಅಲ್ಲಿ ನೀವಿದ್ದರೆ ನೀವೂ ಕೇಳಿ.